ಹೊಗೆಗೆ ಚಪ್ಪಾಳೆ

ಟ್ರ್ಯಾಕ್ಟರ್ ಎಳೆತದ ಪಂದ್ಯವೆಂದರೆ ಪಂಪಕ್ಕನಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅಷ್ಟಕ್ಕಷ್ಟೆ ಎನ್ನುವುದೂ ಮರ್ಯಾದೆಯ ಮಾತಾಯಿತು. ಆಕೆ ಅದಕ್ಕೆ ಇಟ್ಟಿದ್ದ ಹೆಸರು ‘ಮೀಸೆ ಬಂದವರ ಮಣ್ಣಾಟ’. ಉಳುವುದಕ್ಕೆಂದು ಮಾಡಿದ ಯಂತ್ರಕ್ಕೆ ತೂಕ ತುಂಬಿದ ಬಂಡಿಯೊಂದನ್ನು ಸರಪಳಿಯಲ್ಲಿ ಬಿಗಿದು, ನೂರು ಮೀಟರ್ ಎಳೆಸಿ, ಆಮೇಲೆ ಇನ್ನೊಂದು ಯಂತ್ರ ತಂದು ಆ ಬಂಡಿಯನ್ನು ಮೊದಲಿದ್ದ ಜಾಗಕ್ಕೇ ಎಳೆದು ನಿಲ್ಲಿಸುವುದು. ಬೆಳಗಿನಿಂದ ಸಂಜೆಯವರೆಗೆ ಇದೇ ಕೆಲಸ. ಇಷ್ಟು ಎಣ್ಣೆ ಸುಟ್ಟು, ಇಷ್ಟು ಜನ ಗಂಟಲು ಹರಿದುಕೊಂಡು, ದಿನದ ಕೊನೆಗೆ ಒಂದು ಮೂಟೆ ಸಹ ಈ ಕಡೆಯಿಂದ ಆ ಕಡೆಗೆ ಹೋಗಿರುವುದಿಲ್ಲ ಎಂದು ಆಕೆ ಹೇಳುತ್ತಿದ್ದಳು. ಯಾರಾದರೂ ಅದರಲ್ಲೊಂದು ರೋಮಾಂಚನವಿದೆಯೆಂದು ವಾದಿಸಲು ಬಂದರೆ, ರೋಮಾಂಚನ ಬೇಕಿದ್ದರೆ ತಣ್ಣೀರು ಸುರಿದುಕೊಳ್ಳಿ ಅನ್ನುತ್ತಿದ್ದಳು.

ಆಕೆಯ ಕೆಲಸ ಡೀಸೆಲ್ ಪಂಪುಗಳನ್ನು ರಿಪೇರಿ ಮಾಡುವುದು. ಎಂಜಿನ್ನಿನ ಪ್ರತಿಯೊಂದು ಕೊಳವೆಗೂ, ಅಂದರೆ ಸಿಲಿಂಡರಿಗೂ, ಎಣ್ಣೆಯನ್ನು ಅಳೆದು ಊಡುವ ಪಂಪು ಅದು. ಅಂಗೈಯಗಲದ ಎರಡು ಇಟ್ಟಿಗೆಗಳನ್ನು ಜೋಡಿಸಿದಷ್ಟು ದೊಡ್ಡದು. ಅಪ್ಪ ಕಲಿಸಿದ ವಿದ್ಯೆ. ಅಪ್ಪನ ಕಣ್ಣು ಮಂಜಾದಾಗ ಹತ್ತೊಂಬತ್ತು ವರ್ಷದ ಮಗಳು ಆತನ ಸ್ಟೂಲಿನ ಮೇಲೆ ಕೂತಳು, ಮತ್ತೆ ಏಳಲಿಲ್ಲ. ಮದುವೆಯಾದ ಮೇಲೆ ಆ ಯಂತ್ರಗಳನ್ನೆಲ್ಲ ಲಾರಿಯಲ್ಲಿ ಹೇರಿಸಿಕೊಂಡು ಗಂಡನ ಮನೆಯ ಮುಂದಿನ ಕೋಣೆಗೆ ತಂದಳು. ಗಂಡ ದೂರದ ಬಸ್ಸಿನ ಚಾಲಕ, ವಾರದಲ್ಲಿ ನಾಲ್ಕು ದಿನ ರಸ್ತೆಯ ಮೇಲೆ. ಮನೆಯಲ್ಲಿ ಉಳಿಯುವವರು ಆಕೆ ಮತ್ತು ಅತ್ತೆ.

ಆ ಕೋಣೆಯ ಕಿಟಕಿಗಳನ್ನು ತೆರೆಯುವ ಪದ್ಧತಿಯಿರಲಿಲ್ಲ. ಕೂದಲಿಗಿಂತ ತೆಳ್ಳನೆಯ ಸಂದಿನಲ್ಲಿ ಓಡಾಡುವ ಉಕ್ಕಿನ ಕಡ್ಡಿಗಳಿಗೆ ದೂಳಿನ ಒಂದು ಕಣವೂ ಶತ್ರು. ಬಾಗಿಲಲ್ಲಿ ಎರಡು ಕಾಲೊರಸು. ಮೊದಲನೆಯದರ ಮೇಲೆ ಒರೆಸಿ ಎರಡನೆಯದನ್ನು ಹಾರಿ ಬಂದವರನ್ನು ಆಕೆ ವಾಪಸು ಕಳಿಸುತ್ತಿದ್ದಳು. ಮಧ್ಯದಲ್ಲಿ ಪರೀಕ್ಷೆಯ ಮೇಜು. ಅದರ ಮೇಲೆ ಸಾಲಾಗಿ ನಿಂತ ಗಾಜಿನ ನಳಿಗೆಗಳು. ಪಂಪನ್ನು ಕೂರಿಸಿ ತಿರುಗಿಸಿದರೆ ಒಂದೊಂದು ಬಾಯಿಂದಲೂ ಒಂದೊಂದು ನಳಿಗೆಗೆ ಎಣ್ಣೆ ಬೀಳುತ್ತದೆ. ಎಲ್ಲ ನಳಿಗೆಗಳಲ್ಲೂ ಎಣ್ಣೆ ಒಂದೇ ಗೆರೆಗೆ ನಿಲ್ಲಬೇಕು. ಪಂಪಕ್ಕ ಕಣ್ಣನ್ನು ಗಾಜಿನ ಮಟ್ಟಕ್ಕೆ ಇಳಿಸಿ, ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಗೆರೆ ಕೂಡಿ ಬಂದ ದಿನ ಆಕೆಯ ಮುಖ ಕಳೆಗಟ್ಟುತ್ತಿತ್ತು. ಜೀವನದಲ್ಲಿ ಇನ್ನಾವುದರಲ್ಲೂ ಅಷ್ಟು ಸಮಾನತೆ ಸಿಕ್ಕಿದ್ದನ್ನು ನಾನು ಕಾಣೆ ಎಂದು ಗಂಡನಿಗೆ ಒಮ್ಮೆ ಹೇಳಿದ್ದಳಂತೆ. ಆತ ಅದು ತನ್ನನ್ನೇ ಚುಚ್ಚಿ ಹೇಳಿದ್ದೆಂದು ತಿಳಿದು ಎರಡು ದಿನ ಪಾತ್ರೆ ತೊಳೆದ.

ಇಂಥವಳ ಬಳಿಗೆ ಎಳೆತದವರು ಬಂದು ಕೇಳುತ್ತಿದ್ದುದು ಏನು? “ಅಕ್ಕಾ, ಎಣ್ಣೆ ಸ್ವಲ್ಪ ಜಾಸ್ತಿ ಬಿಚ್ಚಿ ಕೊಡಿ. ಹೊಗೆ ಕಪ್ಪಗೆ ಬರ್ಬೇಕು.”

“ಹೊಗೆ ಅಂದ್ರೆ ಉರೀದೇ ಉಳಿದ ಎಣ್ಣೆ. ಅದನ್ನ ತೋರಿಸ್ಕೊಂಡು ಮೆರೆಯೋಕೆ ನಾಚಿಕೆ ಆಗಲ್ವಾ ನಿಮಗೆ?” ಎಂದು ಆಕೆ ಪಂಪನ್ನು ಬಟ್ಟೆಯಲ್ಲಿ ಸುತ್ತಿ ಹಿಂದಿರುಗಿಸುತ್ತಿದ್ದಳು.

ಆದರೆ ಸ್ವಂತ ತಮ್ಮನೇ ಎಳೆತಕ್ಕೆ ಇಳಿದಾಗ ಏನು ಮಾಡುವುದು? ಆತ ದನದ ಮೇವಿನ ಗೋದಾಮಿನಲ್ಲಿ ಲಾರಿ ಓಡಿಸುವವ. ಕೆಲಸದಲ್ಲಿ ಒಂದು ದಿನವೂ ತಪ್ಪದ ಸೌಮ್ಯ ಮನುಷ್ಯ. ಬೀದಿನಾಯಿಗೂ ದಾರಿ ಬಿಟ್ಟು ಹೋಗುವವ. ಮೂವತ್ತು ದಾಟಿದ ಮೇಲೆ ಅದಾವ ಗಾಳಿ ಬೀಸಿತೋ, ಅಪ್ಪನ ಕಾಲದ ಟ್ರ್ಯಾಕ್ಟರಿನ ದೀಪ, ಮಡ್‌ಗಾರ್ಡ್ ಎಲ್ಲ ಬಿಚ್ಚಿ ಬಿಸಾಡಿ, ಗುಜರಿಗೆ ಹೋಗಬೇಕಿದ್ದ ಲಾರಿಯೊಂದರ ಆರು ಕೊಳವೆಯ ಎಂಜಿನ್ ತಂದು ಅದರ ಹೊಟ್ಟೆಗೆ ತುರುಕಿದ. ಮುಂದೆ ಕಬ್ಬಿಣದ ತೂಕ, ಹಿಂದೆ ಆಳೆತ್ತರದ ಟಯರು. ಅದಕ್ಕೆ ‘ಗೂಳಿ’ ಎಂದು ಹೆಸರಿಟ್ಟು ಬಾನೆಟ್ಟಿನ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ. ಪಂಪಕ್ಕ ಅದನ್ನು ‘ಕೆಮ್ಮು’ ಎಂದು ಕರೆದಳು. ಕೆಮ್ಮು ಹೇಗಿದೆ, ಕೆಮ್ಮು ಈ ವಾರ ಎಲ್ಲಿಗೆ ಹೊರಟಿತು ಎಂದು ಕೇಳುತ್ತಿದ್ದಳು. ತಮ್ಮ ನಗುತ್ತಿದ್ದ, ಆದರೆ ಕಿವಿ ಕೆಂಪಾಗುತ್ತಿತ್ತು.

ಅಕ್ಕ ಪಂಪು ಮುಟ್ಟುವುದಿಲ್ಲವೆಂದು ಆತ ಬೇರೆ ಮೆಕ್ಯಾನಿಕ್ಕನ ಬಳಿಗೆ ಹೋದ. ಆ ಮೆಕ್ಯಾನಿಕ್ಕು ಸ್ಕ್ರೂಡ್ರೈವರ್ ಹಿಡಿದು ಕಿವಿಯಂದಾಜಿನಲ್ಲಿ ತಿರುಗಿಸಿದ. ಒಂದು ಕೊಳವೆಗೆ ಹೊಟ್ಟೆ ಬಿರಿಯುವಷ್ಟು, ಇನ್ನೊಂದಕ್ಕೆ ಉಪವಾಸ. ಮೊದಲ ಪಂದ್ಯದಲ್ಲೇ ಪಿಸ್ಟನ್ನೊಂದು ಮೇಣದಂತೆ ಕರಗಿತು. ತಮ್ಮ ಆ ಕರಗಿದ ಪಿಸ್ಟನ್ನನ್ನು ಚೀಲದಲ್ಲಿ ತಂದು ಅಕ್ಕನ ಮೇಜಿನ ಮೇಲಿಟ್ಟು ಸುಮ್ಮನೆ ನಿಂತ. ಪಂಪಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವಳಿಗೆ ಬಂದದ್ದು ಕನಿಕರವಲ್ಲ, ಮೈಯುರಿ. ಮೂರ್ಖತನ ಮಾಡುವುದೇ ಆದರೆ ಆರು ಕೊಳವೆಗೂ ಸಮನಾಗಿ ಮಾಡು ಎಂದು ಹೇಳಿ ಪಂಪು ತರಿಸಿಕೊಂಡಳು.

ಹೀಗೆ ತಿರಸ್ಕಾರದಿಂದಲೇ ಶುರುವಾದದ್ದು ಹನ್ನೊಂದು ವರ್ಷ ನಡೆಯಿತು. ಗೂಳಿ ಗೆಲ್ಲತೊಡಗಿತು. ಅದರ ಬೆನ್ನಿಗೇ ಬೇರೆಯವರೂ ಬಂದರು. ಟ್ರ್ಯಾಕ್ಟರಿನವರು, ಲಾರಿ ಎಳೆತದವರು, ಸೊಂಟಕ್ಕೆ ಅಗಲ ಬೆಲ್ಟು ಕಟ್ಟಿದವರು, ಕನ್ನಡಿಯಲ್ಲಿ ತಮ್ಮ ಹೆಲ್ಮೆಟ್ಟು ನೋಡಿಕೊಂಡು ಖುಷಿಪಡುವವರು. ಪಂಪಕ್ಕ ಎಲ್ಲರಿಗೂ ಬೈದಳು, ಎಲ್ಲರಿಗೂ ಮಾಡಿಕೊಟ್ಟಳು. ಬೈಗುಳ ಕೇಳಿಸಿಕೊಂಡು ಬಂದ ಪಂಪೇ ಗಟ್ಟಿ ಎಂಬ ಮಾತು ಆ ಜನರಲ್ಲಿ ಹುಟ್ಟಿಕೊಂಡಿತು. ಆದರೆ ಆಕೆ ಪಂದ್ಯದ ಮೈದಾನಕ್ಕೆ ಒಮ್ಮೆಯೂ ಕಾಲಿಡಲಿಲ್ಲ. ಅಡಿಗೆಯವನು ತಿನ್ನುವವರ ಬಾಯಿ ನೋಡುತ್ತ ಕೂರಬೇಕೆಂಬ ನಿಯಮವಿಲ್ಲ ಎಂದಳು.

ಮೈದಾನಕ್ಕೆ ತಪ್ಪದೆ ಹೋಗುತ್ತಿದ್ದವರು ಅತ್ತೆ. ಎಪ್ಪತ್ತೆರಡರ ಆ ಮುದುಕಿ ಮಡಿಸುವ ಕುರ್ಚಿ, ಕಿವಿಗೆ ಹತ್ತಿ, ನೀರಿನ ಬಾಟಲಿ ಹಿಡಿದು ಬೆಳಗ್ಗೆ ಎಂಟಕ್ಕೇ ಬೇಲಿಯ ಪಕ್ಕ ಜಾಗ ಹಿಡಿಯುತ್ತಿದ್ದರು. ಯಾವ ವರ್ಷ ಯಾರು ಎಷ್ಟು ಮೀಟರ್ ಎಳೆದರು, ಯಾರ ಟಯರು ಎಲ್ಲಿ ಹೂತಿತು ಎಲ್ಲ ಬಾಯಿಪಾಠ. ರಾತ್ರಿಯೂಟಕ್ಕೆ ಕೂತಾಗ ಸೊಸೆಗೆ ಅದರ ವರದಿ ಒಪ್ಪಿಸುತ್ತಿದ್ದರು. ಸೊಸೆ ತಟ್ಟೆಯಿಂದ ತಲೆಯೆತ್ತದೆ ಕೇಳುತ್ತಿದ್ದಳು. ನೀನು ಗಾಜಲ್ಲಿ ನೋಡ್ತೀಯ, ನಾನು ಮಣ್ಣಲ್ಲಿ ನೋಡ್ತೀನಿ, ಎರಡೂ ಅದೇ ಎಣ್ಣೆ ತಾನೇ ಎಂದು ಅತ್ತೆ ಒಮ್ಮೆ ಕೆಣಕಿದರು. ಮಣ್ಣಿಗೂ ಗಾಜಿಗೂ ವ್ಯತ್ಯಾಸ ಗೊತ್ತಿಲ್ಲದವರಿಗೆ ನಾನೇನು ಹೇಳಲಿ ಎಂದು ಸೊಸೆ ಎದ್ದುಹೋದಳು.

ಹನ್ನೊಂದನೇ ವರ್ಷ ಪಂದ್ಯದ ಸಮಿತಿಯ ಅಧ್ಯಕ್ಷ ಅಂಗಡಿಗೆ ಬಂದ. ಟಯರು ವ್ಯಾಪಾರಿ, ಬಿಸಿಲಲ್ಲೂ ಕೋಟು ತೆಗೆಯದವನು. ಯಂತ್ರಗಳನ್ನು ಪಂದ್ಯಕ್ಕೆ ಮೊದಲು ತಪಾಸಣೆ ಮಾಡುತ್ತಿದ್ದ ಹಿರಿಯನಿಗೆ ಕಿವಿ ಪೂರ್ತಿ ಹೋಗಿದೆ, ಎಂಜಿನ್ ಆರಿದೆಯೋ ಓಡುತ್ತಿದೆಯೋ ಕೈಯಿಟ್ಟು ನೋಡುವಂತಾಗಿದೆ. ಆ ಜಾಗಕ್ಕೆ ಪಂಪಕ್ಕ ಬರಬೇಕು ಎಂದ. ಈ ಜನರೆಲ್ಲ ಹೆದರುವುದು ನಿಮಗೊಬ್ಬರಿಗೇ ಎಂದೂ ಬೆಣ್ಣೆ ಹಚ್ಚಿದ. ಪಂಪಕ್ಕ ಆಗುವುದಿಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬಂತು: ತಪಾಸಣೆಯವರ ಮನೆಯವರಿಗೆ ನೆರಳಿನ ಕಡೆ ಮುಂದಿನ ಸಾಲಿನಲ್ಲಿ ಕುರ್ಚಿ ಕೊಡುತ್ತಾರೇನು? ಅಧ್ಯಕ್ಷ ಕೊಡುತ್ತೇವೆ ಎಂದ. ಆಮೇಲಿನ ಎರಡು ವಾರ ಅತ್ತೆ ಮೊಣಕಾಲು ನೋವು, ಬಿಸಿಲು, ತಲೆಸುತ್ತು ಇಷ್ಟನ್ನೇ ಮಾತಾಡಿದರು. ಪಂಪಕ್ಕ ಕೊನೆಗೆ ಕೈಚೆಲ್ಲಿ ಒಪ್ಪಿದಳು.

ಸಮಿತಿಯವರು ಆಕೆಗೆ ಒಂದು ಕ್ಲಿಪ್ಪಿರುವ ದಪ್ಪ ಮರದ ಹಲಗೆ, ಅದಕ್ಕೆ ಸಿಕ್ಕಿಸಿದ ಒಂಬತ್ತು ಪುಟದ ನಿಯಮಾವಳಿ ಕೊಟ್ಟರು. ಆಕೆ ಅದನ್ನು ಮನೆಯಲ್ಲಿ ಎರಡು ಸಲ ಓದಿದಳು. ನಿಯಮಗಳೇನೋ ಚೆನ್ನಾಗಿದ್ದವು. ಯಾರೂ ಓದಿರಲಿಲ್ಲ, ಅಷ್ಟೆ.

ಪಂದ್ಯದ ಬೆಳಗ್ಗೆ ಮೈದಾನ ನೋಡಿದಾಗ ಆಕೆಗೆ ತಾನು ಕಲ್ಪಿಸಿಕೊಂಡದ್ದಕ್ಕಿಂತಲೂ ದೊಡ್ಡ ಪೆದ್ದುತನ ಇದು ಅನ್ನಿಸಿತು. ಬೆಳಗ್ಗೆಯೇ ನೀರು ಚಿಮುಕಿಸಿ, ರೋಲರ್ ಓಡಿಸಿ, ಮೇಜಿನಂತೆ ಮಟ್ಟ ಮಾಡಿದ ಮಣ್ಣು. ಅದನ್ನು ಹತ್ತು ಗಂಟೆಗೆ ಕೆದಕುವುದಕ್ಕೆಂದೇ ಅಷ್ಟು ನುಣ್ಣಗೆ ಮಾಡಿದ್ದರು. ಒಂದು ಕಡೆ ಎಳೆಬಂಡಿ. ಅದರ ಮೇಲೆ ಕಬ್ಬಿಣದ ದೊಡ್ಡ ಪೆಟ್ಟಿಗೆ. ಬಂಡಿ ಮುಂದೆ ಸಾಗಿದಂತೆ ಪೆಟ್ಟಿಗೆಯೂ ಹಿಂದಿನ ಚಕ್ರದಿಂದ ಮುಂದಕ್ಕೆ ಜರುಗಿ ಬಂಡಿಯ ಮೂತಿಯನ್ನು ಮಣ್ಣಿಗೆ ಒತ್ತುತ್ತದೆ. ಅಂದರೆ ಎಳೆದಷ್ಟೂ ಭಾರ ಹೆಚ್ಚುತ್ತದೆ. ಇಂಥದನ್ನು ಯೋಚಿಸಿ ಮಾಡಿದ ತಲೆ ನೀರೆತ್ತುವ ಯಂತ್ರವನ್ನಾದರೂ ಮಾಡಬಾರದಿತ್ತೇ ಎಂದು ಆಕೆ ಗೊಣಗಿಕೊಂಡಳು. ಮೈಕಿನವನಂತೂ ನೆಲ ನಡುಗುತ್ತದೆ, ಆಕಾಶ ಬಿರಿಯುತ್ತದೆ ಎಂದು ಒಂದೇ ಸಮನೆ ಊಳಿಡುತ್ತಿದ್ದ. ನಡುಗಿದ್ದು ಅವನ ಮೈಕಿನ ಕಂಬ ಮಾತ್ರ.

ಪಂಪಕ್ಕ ಸಾಲಿನಲ್ಲಿ ನಿಂತ ಯಂತ್ರಗಳನ್ನು ಒಂದೊಂದಾಗಿ ನೋಡುತ್ತ ಹೋದಳು. ಸಡಿಲ ಬೋಲ್ಟು, ಸವೆದ ಕೊಂಡಿ, ತಂತಿ ಕಟ್ಟಿದ ಬ್ರೇಕು. ಹತ್ತು ಗಂಟೆಯೊಳಗೆ ಏಳು ಯಂತ್ರಗಳನ್ನು ವಾಪಸು ಕಳಿಸಿದಳು. ಹತ್ತನೆಯದು ಗೂಳಿ.

ನಿಯಮದ ಪ್ರಕಾರ ಪ್ರತಿ ಎಂಜಿನ್ನಿಗೂ ಗಾಳಿ ಹೋಗುವ ಕೊಳವೆಯಲ್ಲಿ ಒಂದು ಉಕ್ಕಿನ ಮುಚ್ಚಳ ಇರಬೇಕು. ಅದಕ್ಕೆ ಕಟ್ಟಿದ ಹಗ್ಗದ ತುದಿ ಬಂಡಿಯಲ್ಲಿರುತ್ತದೆ. ಸರಪಳಿ ಕಡಿದು ಟ್ರ್ಯಾಕ್ಟರ್ ಮುನ್ನುಗ್ಗಿದರೆ ಹಗ್ಗ ಎಳೆದು ಮುಚ್ಚಳ ಬಡಿದುಕೊಳ್ಳುತ್ತದೆ, ಗಾಳಿಯಿಲ್ಲದೆ ಎಂಜಿನ್ ಸಾಯುತ್ತದೆ. ಚಾಲಕನೂ ಕೈಯಿಂದ ಎಳೆಯಬಹುದು. ಗೂಳಿಯ ಮುಚ್ಚಳವನ್ನು ತಮ್ಮ ತಂತಿಯಲ್ಲಿ ಬಿಗಿಯಾಗಿ ಕಟ್ಟಿ ತೆರೆದೇ ಇಟ್ಟಿದ್ದ.

ಕೇಳಿದ್ದಕ್ಕೆ ತಲೆ ತಗ್ಗಿಸಿದ. ಹಿಂದಿನ ಪಂದ್ಯದಲ್ಲಿ ತೊಂಬತ್ತೊಂದನೇ ಮೀಟರಿನಲ್ಲಿ ಅದು ತಾನಾಗಿಯೇ ಮುಚ್ಚಿಕೊಂಡು ಗೆಲುವು ಕೈತಪ್ಪಿತಂತೆ. ಪಂಪಕ್ಕ ಹಗ್ಗ ಅಳೆದಳು; ಗೇಣುದ್ದ ಕಡಿಮೆಯಿತ್ತು. ಇಕ್ಕಳ ತೆಗೆದು ತಂತಿ ಕತ್ತರಿಸಿ, ಬೇರೆ ಹಗ್ಗ ಕಟ್ಟಿಸಿ, ಮುಚ್ಚಳವನ್ನು ಮೂರು ಸಲ ಬಡಿಸಿ ನೋಡಿ ಸಹಿ ಹಾಕಿದಳು. ತಮ್ಮ ಆಯ್ತಕ್ಕ, ಆಯ್ತಕ್ಕ ಎಂದ. ನಲವತ್ತೆರಡು ವರ್ಷದ ಆತ ಆ ಕ್ಷಣ ಹೋಮ್‌ವರ್ಕ್ ತೋರಿಸುವವನಂತೆ ನಿಂತಿದ್ದ. ಅಕ್ಕ ಬೆನ್ನು ತಿರುಗಿಸಿದ್ದೇ ತಡ, ಮತ್ತೆ ತಂತಿ ಕಟ್ಟಿದ. ಇದು ಆಮೇಲೆ ಗೊತ್ತಾದದ್ದು.

ಮೊದಲು ಲಾರಿಗಳ ಸರದಿ. ಅವು ಮೂತಿ ಎತ್ತಿ ಕುಪ್ಪಳಿಸಿದವು, ಕೆನೆದವು, ಅರುವತ್ತು ಎಪ್ಪತ್ತು ಮೀಟರಿಗೆ ಉಸಿರುಗಟ್ಟಿ ನಿಂತವು. ಜನ ಕುಣಿದರು. ಒಬ್ಬ ವಕೀಲರಂತಿದ್ದ ಗೌರವಸ್ಥ ಮನುಷ್ಯ ಟೋಪಿಯನ್ನು ನೆಲಕ್ಕೆಸೆದು ತುಳಿದ. ನೆರಳಿನ ಮುಂದಿನ ಸಾಲಿನಲ್ಲಿ ಅತ್ತೆ ಹತ್ತಿಯನ್ನು ಕಿವಿಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದರು. ಪಂಪಕ್ಕ ಅಳತೆಯವರ ಪಕ್ಕ ಎಂಬತ್ತನೇ ಮೀಟರಿನ ಗುರುತಿನ ಬಳಿ ಹಲಗೆಯನ್ನು ಎದೆಗವಚಿಕೊಂಡು, ಯಾರದೋ ಮದುವೆಗೆ ತಪ್ಪಿ ಬಂದವಳ ಮುಖ ಮಾಡಿಕೊಂಡು ನಿಂತಿದ್ದಳು.

ಮೂರು ಗಂಟೆಗೆ ಗೂಳಿ ಬಂತು. ಹಸಿರು ಬಾವುಟ ಬಿದ್ದಿತು. ಸರಪಳಿ ಬಿಗಿಯಿತು. ಹೊಗೆ ಕಂಬದಂತೆ ಎದ್ದಿತು.

ಪಂಪಕ್ಕ ಕಣ್ಣುಮುಚ್ಚಿದಳು. ಆಕೆಗೆ ನೋಡುವುದು ಬೇಕಿರಲಿಲ್ಲ, ಕೇಳುವುದಿತ್ತು. ಆರು ಕೊಳವೆಗಳು ಒಂದರ ಹಿಂದೊಂದು ಒಂದಿಷ್ಟೂ ಎಡವದೆ ಸಿಡಿಯುತ್ತಿದ್ದವು. ಇಪ್ಪತ್ತು ಮೀಟರ್, ನಲವತ್ತು. ಭಾರ ಹೆಚ್ಚಿದಂತೆ ಸದ್ದು ದಪ್ಪವಾಯಿತು, ಒಡೆಯಲಿಲ್ಲ. ಅರುವತ್ತು. ತನ್ನ ಮೇಜಿನ ಮೇಲೆ ಗಾಜಿನಲ್ಲಿ ಕಂಡ ಗೆರೆ ಈಗ ಎದೆಗೂಡಿನಲ್ಲಿ ಕೇಳಿಸುತ್ತಿತ್ತು. ಹೋಗು, ಎಂದು ಆಕೆ ಅಂದಳು. ಗಟ್ಟಿಯಾಗಿಯೇ ಅಂದಳು. ಹನ್ನೊಂದು ವರ್ಷ ಬೈದ ಬಾಯಿ ಅದು.

ಎಂಬತ್ತು ದಾಟಿದ ಮೇಲೆ ಸದ್ದು ಬದಲಾಯಿತು. ಮೊದಲು ಸಣ್ಣ ಸಿಳ್ಳೆ, ಆಮೇಲೆ ಏರುತ್ತ ಏರುತ್ತ ಹೋಗುವ ಕಿರುಚು. ಕಣ್ಣು ತೆರೆದರೆ ಹೊಗೆ ಕಪ್ಪಗಿರಲಿಲ್ಲ, ಬಿಳಿಯಾಗಿತ್ತು. ಗಾಳಿ ತುಂಬುವ ಟರ್ಬೊ ಒಡೆದಿದೆ ಎಂದು ತಿಳಿಯಲು ಆಕೆಗೆ ಎರಡು ಕ್ಷಣ ಹಿಡಿಯಿತು. ಡೀಸೆಲ್ ಎಂಜಿನ್ನಿಗೆ ಒಂದು ಕೆಟ್ಟ ಗುಣವಿದೆ. ಹೀಗೆ ಟರ್ಬೊ ಒಡೆದರೆ ಅದು ತನ್ನದೇ ಒಳಗಿನ ಕೀಲೆಣ್ಣೆಯನ್ನು ಹೀರಿಕೊಂಡು ಓಡತೊಡಗುತ್ತದೆ. ಆಗ ಪಂಪು ನಿಲ್ಲಿಸಿದರೂ ಅಷ್ಟೆ, ಕೀಲಿ ತೆಗೆದರೂ ಅಷ್ಟೆ. ಗಾಳಿ ಸಿಗುತ್ತಿರುವಷ್ಟು ಹೊತ್ತೂ ಓಡುತ್ತದೆ, ವೇಗ ಏರುತ್ತದೆ, ಕೊನೆಗೆ ಒಳಗಿನ ಕಬ್ಬಿಣ ಚೂರುಚೂರಾಗಿ ಸುತ್ತಲಿನವರ ಮೇಲೆ ಹಾರುತ್ತದೆ.

ತಮ್ಮ ಕ್ಲಚ್ಚು ತುಳಿದು ಗೇರು ಬಿಡಿಸಿದ; ಟ್ರ್ಯಾಕ್ಟರ್ ನಿಂತಿತು, ಎಂಜಿನ್ ನಿಲ್ಲಲಿಲ್ಲ. ಮುಚ್ಚಳದ ಹಗ್ಗ ಎಳೆದ. ಮತ್ತೆ ಎಳೆದ. ತಾನೇ ಕಟ್ಟಿದ ತಂತಿ ಅದನ್ನು ಬಿಡಲಿಲ್ಲ. ಬೆಲ್ಟು ಬಿಚ್ಚಿ ಹಾರಿ ಓಡಿದ. ಕೆಂಪು ಬಾವುಟದವನು ಬಾವುಟವನ್ನೂ ಬಿಟ್ಟು ಓಡಿದ. ಮೈಕಿನವನು ಇಂಥದು ಹಿಂದೆಂದೂ ಕಂಡಿಲ್ಲ ಎಂದು ಹಿಗ್ಗಿನಿಂದ ಕೂಗುತ್ತಿದ್ದ. ಬೇಲಿಯ ಹಿಂದಿನ ಸಾವಿರಾರು ಜನ ಓಡಲಿಲ್ಲ. ಎದ್ದು ನಿಂತು ಸಿಳ್ಳೆ ಹಾಕಿದರು. ನೋಡಲು ಅನುಕೂಲವಾಗಲೆಂದು ಇನ್ನಷ್ಟು ಮುಂದೆ ಬಂದರು. ಆ ಯಂತ್ರಕ್ಕೂ ನೆರಳಿನ ಮುಂದಿನ ಸಾಲಿಗೂ ಹದಿನೈದು ಹೆಜ್ಜೆಯೂ ಇರಲಿಲ್ಲ.

ಪಂಪಕ್ಕ ಓಡಿದಳು. ನಲವತ್ತೆಂಟರ ಆಕೆ ಕೊನೆಯ ಸಲ ಓಡಿದ್ದು ಯಾವಾಗಲೋ. ತಂತಿ ಕತ್ತರಿಸುವ ಇಕ್ಕಳ ಚೀಲದಲ್ಲಿತ್ತು, ಚೀಲ ಕುರ್ಚಿಯ ಮೇಲಿತ್ತು. ಗೂಳಿಯ ಮೂತಿಯ ಪಕ್ಕ ಗಾಳಿಕೊಳವೆಯ ಬಾಯಿ ತಟ್ಟೆಯಗಲಕ್ಕೆ ತೆರೆದುಕೊಂಡು ಹೀರುತ್ತಿತ್ತು. ಕೈ ಇಟ್ಟರೆ ಕೈ ಹೋಗುತ್ತದೆಂದು ಆಕೆಗೆ ಗೊತ್ತಿತ್ತು. ಕೈಯಲ್ಲಿದ್ದ ಹಲಗೆಯನ್ನು, ಒಂಬತ್ತು ಪುಟದ ನಿಯಮಾವಳಿಯ ಸಮೇತ, ಆ ಬಾಯಿಗೆ ಅಡ್ಡ ಹಿಡಿದಳು. ಯಂತ್ರ ಅದನ್ನು ಆಕೆಯ ಕೈಯಿಂದ ಕಿತ್ತುಕೊಂಡು ಕಚ್ಚಿತು. ಹಲಗೆ ಉದ್ದಕ್ಕೆ ಬಿರುಕು ಬಿಟ್ಟಿತು, ಮುರಿಯಲಿಲ್ಲ. ಕಿರುಚು ಕುಸಿಯಿತು, ಎಂಜಿನ್ ನಾಲ್ಕು ಸಲ ಬಿಕ್ಕಳಿಸಿ, ಇಡೀ ಟ್ರ್ಯಾಕ್ಟರನ್ನೇ ಅದುರಿಸಿ, ಸತ್ತಿತು. ಆ ಸಮಿತಿಯಲ್ಲಿ ನಿಯಮಾವಳಿ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಆಮೇಲೆ ಚಪ್ಪಾಳೆ. ದಿನವಿಡೀ ಯಾರಿಗೂ ಬೀಳದಷ್ಟು ಚಪ್ಪಾಳೆ. ಪಂಪಕ್ಕ ಮೊದಲು ಅದು ತನಗೆಂದು ತಿಳಿದಳು. ಆಮೇಲೆ ನೋಡಿದರೆ ಎಲ್ಲರ ಕತ್ತೂ ಮೇಲಿತ್ತು. ಬಿಳಿ ಹೊಗೆ ಅಷ್ಟೆತ್ತರಕ್ಕೆ ಹೋಗಿತ್ತು.

ತಮ್ಮ ಏದುಸಿರು ಬಿಡುತ್ತ ವಾಪಸು ಬಂದ. ಮುಖ ಬಿಳುಚಿತ್ತು. ಅಕ್ಕನ ಕೈ ನೋಡಿದ, ಹಲಗೆ ನೋಡಿದ, ಆಮೇಲೆ ಅಳತೆಯವರ ಕಡೆ ತಿರುಗಿ, “ಎಷ್ಟು ಬಂತು?” ಎಂದ. ಎಂಬತ್ತೇಳು ಮೀಟರ್. ಅಲ್ಲಿಯವರೆಗೆ ಅದೇ ಎಲ್ಲರಿಗಿಂತ ಹೆಚ್ಚು.

ಪಂಪಕ್ಕ ಬಗ್ಗಿ ಮುಚ್ಚಳದ ತಂತಿಯನ್ನು ನೋಡಿದಳು. ಹೊಸ ತಂತಿ, ಮೂರು ಸುತ್ತು. ಆಕೆಯ ಬಾಯಿಂದ ಒಂದು ಬೈಗುಳವೂ ಬರಲಿಲ್ಲ. ಬಿರುಕು ಬಿಟ್ಟ ಹಲಗೆಯ ಮೇಲೆ ಹರಿದ ಹಾಳೆಯನ್ನು ನೇವರಿಸಿ, ಗೂಳಿ ಎಂಬ ಹೆಸರಿನ ಮುಂದೆ ‘ಅನರ್ಹ’ ಎಂದು ಬರೆದು ಅಳತೆಯವರಿಗೆ ಕೊಟ್ಟಳು.

“ಅಕ್ಕ,” ಎಂದ ತಮ್ಮ.

“ಅಲ್ಲಿ ನನ್ನ ಅತ್ತೆ ಕೂತಿದ್ರು. ನಿನ್ನ ಹೆಂಡ್ತಿನೂ ಎರಡನೇ ಸಾಲಲ್ಲಿದ್ಲು. ನೀನು ಕೇಳಿದ್ದು ಮೀಟರ್.”

ಟ್ರ್ಯಾಕ್ಟರನ್ನು ಕಟ್ಟಿ ಎಳೆದುಕೊಂಡು ಹೋದರು. ತಮ್ಮ ಏಳು ತಿಂಗಳು ಅಕ್ಕನ ಮನೆಯ ಕಡೆ ತಲೆ ಹಾಕಲಿಲ್ಲ.

ಸಂಜೆ ಅಧ್ಯಕ್ಷ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಂದು, ಜನಕ್ಕೆ ಬಹಳ ಹಿಡಿಸಿದೆ ಎಂದ. ಅಪಾಯವಿಲ್ಲದ ಹಾಗೆ, ಹದವಾಗಿ, ಪ್ರತಿ ವರ್ಷ ಕೊನೆಯಲ್ಲಿ ಒಂದು ಎಂಜಿನ್ನನ್ನು ಹೀಗೆ ಓಡಿಸಿ ನಿಲ್ಲಿಸಲು ಬರುತ್ತದೆಯೇ, ಅದನ್ನು ಪಂಪಕ್ಕನೇ ನಿಲ್ಲಿಸಿದರೆ ಇನ್ನೂ ಚೆನ್ನ ಎಂದು ಕೇಳಿದ. ಪಂಪಕ್ಕ ಆತನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬರುತ್ತದೆ, ಆದರೆ ಹಲಗೆ ಸಾಲದು, ನಿಮ್ಮ ಕೋಟು ಬೇಕು, ಅದರೊಳಗೆ ನೀವೂ ಇರಬೇಕು ಎಂದಳು. ಆತ ನಗಬೇಕೋ ಬೇಡವೋ ತಿಳಿಯದೆ ಹೋದ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಮೆಲ್ಲಗೆ, ನಾನು ಓಡಬೇಕಿತ್ತು, ಏಳಲೇ ಇಲ್ಲ ಎಂದರು. ಕಾಲು ಬರಲಿಲ್ಲವೇ ಎಂದು ಸೊಸೆ ಕೇಳಿದಳು.

“ಕಾಲೇನೋ ಬರ್ತಿತ್ತು. ನೋಡೋಕೆ ಚೆನ್ನಾಗಿತ್ತು, ಅದಕ್ಕೆ ಕೂತೆ.”

ಪಂಪಕ್ಕ ಬೇರೆ ದಿನವಾಗಿದ್ದರೆ ಇದಕ್ಕೆ ಅರ್ಧ ಗಂಟೆ ಉತ್ತರ ಕೊಡುತ್ತಿದ್ದಳು. ಅಂದು ಕಿಟಕಿಯ ಹೊರಗೆ ನೋಡುತ್ತ ಕೂತಳು. ತಾನು ಆ ‘ಹೋಗು’ ಅಂದದ್ದನ್ನು ಯಾರೂ ಕೇಳಿಸಿಕೊಂಡಿಲ್ಲವೆಂಬುದು ಒಂದು ಸಮಾಧಾನ. ತಾನೇ ಕೇಳಿಸಿಕೊಂಡೆನಲ್ಲ ಎಂಬುದು ನಾಚಿಕೆ. ಟೋಪಿ ತುಳಿದ ಆ ಮನುಷ್ಯನಿಗೂ ತನಗೂ ಇದ್ದ ಅಂತರ ಎಷ್ಟು? ಅಳೆಯಲು ಹೊರಟರೆ ಗೇಣೂ ಸಿಗಲಿಕ್ಕಿಲ್ಲ ಎಂದು ಆಕೆಗೆ ಅನ್ನಿಸಿತು. ಜನರ ಮೇಲೆ ಇದ್ದ ತಾತ್ಸಾರದಲ್ಲಿ ಒಂದು ಪಾಲನ್ನು ಅಂದಿನಿಂದ ತನಗೂ ಎತ್ತಿಟ್ಟುಕೊಂಡಳು. ಹಾಗೆಂದು ಜನರ ಪಾಲು ಕಡಿಮೆಯಾಗಲಿಲ್ಲ.

ಮರುವರ್ಷವೂ ತಪಾಸಣೆಗೆ ಹೋದಳು. ಯಾಕೆಂದು ಕೇಳಿದವರಿಗೆ ಅತ್ತೆಯ ಕುರ್ಚಿಗಾಗಿ ಎಂದಳು. ಆದರೆ ಹೋಗುವ ಮೊದಲು ಮುಂದಿನ ಸಾಲನ್ನು ಮೂವತ್ತು ಹೆಜ್ಜೆ ಹಿಂದಕ್ಕೆ ಸರಿಸಿ, ಮಧ್ಯೆ ಆಳೆತ್ತರದ ಸಿಮೆಂಟು ತಡೆಗೋಡೆ ಕಟ್ಟಿಸಿದ ಹೊರತು ಯಾವ ಹಾಳೆಗೂ ಸಹಿ ಹಾಕುವುದಿಲ್ಲ ಎಂದು ಬರೆದು ಕಳಿಸಿದ್ದಳು. ಸಮಿತಿ ಗೊಣಗುತ್ತ ಕಟ್ಟಿಸಿತು. ಕಾಣುವುದಿಲ್ಲ ಎಂದು ಅತ್ತೆ ಮುಖ ಊದಿಸಿಕೊಂಡರು. ಪ್ರತಿ ಮುಚ್ಚಳಕ್ಕೂ ಈಗ ಪಂದ್ಯಕ್ಕೆ ಐದು ನಿಮಿಷ ಮೊದಲು ಎರಡನೇ ತಪಾಸಣೆ. ಅದಾದ ಮೇಲೆ ಯಂತ್ರದ ಬಳಿಗೆ ಯಾರೂ ಹೋಗುವಂತಿಲ್ಲ, ಅದರ ಮಾಲೀಕನೂ.

ಮರುವರ್ಷದ ಪಂದ್ಯಕ್ಕೂ ಮೊದಲೇ, ಆ ಏಳು ತಿಂಗಳಾದ ಮೇಲೆ ತಮ್ಮ ಪಂಪು ಹಿಡಿದು ಬಂದದ್ದು ಒಂದು ಬೆಳಗ್ಗೆ. ಎರಡೂ ಕಾಲೊರಸಿನ ಮೇಲೆ ನಿಂತು ನಿಧಾನವಾಗಿ ಕಾಲೊರೆಸಿದ. ಪಂಪನ್ನು ಮೇಜಿನ ಮೇಲಿಟ್ಟ. ಆ ದಿನ ತಪ್ಪು ತನ್ನದು ಎಂದು ಹೇಳಿದ, ಮೇಜಿಗೆ ಹೇಳುವವನ ಹಾಗೆ. ಪಂಪಕ್ಕ ಪಂಪನ್ನು ಎತ್ತಿ ಬಟ್ಟೆಯಿಂದ ಒರೆಸಿ, ಕೂರಿಸಿ ತಿರುಗಿಸಿದಳು. ಇಬ್ಬರೂ ಬಗ್ಗಿ, ತಲೆಗೆ ತಲೆ ತಾಗುವಷ್ಟು ಹತ್ತಿರದಲ್ಲಿ, ಆರು ನಳಿಗೆಗಳಿಗೂ ಎಣ್ಣೆ ಬೀಳುವುದನ್ನು ನೋಡಿದರು. ಮೂರನೆಯದರಲ್ಲಿ ಗೆರೆ ಒಂದಿಷ್ಟು ಕೆಳಗಿತ್ತು.

“ಬಿಟ್ಟು ಹೋಗು,” ಎಂದಳು. “ಗುರುವಾರ ಬಾ.”